ಸಂಕಣ್ಣನ ಉಪ್ಪುಗೆರೆ

ಕುರಿಹಟ್ಟಿಯಿಂದ ಮೂಡಲಿಗೆ ಬಂಡಿಜಾಡು ಹಿಡಿದು ಅರ್ಧ ಹರಿದಾರಿ ನಡೆದರೆ ಎರಡು ಕರಿಗುಡ್ಡಗಳ ನಡುವೆ ಒಂದು ಕೆರೆಯ ಏರಿ ಎದುರಾಗುತ್ತದೆ. ಏರಿಯ ಮೇಲೆ ಜೋಡಿ ಬಂಡಿಗಳು ಎದುರುಬದುರಾಗಿ ಹೋಗಬಹುದು, ಅಷ್ಟು ಅಗಲ. ಒಳಮೈಗೆ ಕೂಡಿಸಿದ ಕಲ್ಲುಗಳ ಸಂದಿಯಲ್ಲಿ ಇಂದಿಗೂ ಕೂದಲೆಳೆ ತೂರುವುದಿಲ್ಲ. ತೂಬಿನ ಕಂಬಗಳ ಮೇಲೆ ಮೀನು, ಆಮೆ, ಬಳ್ಳಿಗಳನ್ನು ಬಿಡಿಸಿದ ಕೈ ಯಾವ ಊರಿನ ಕಲ್ಲುಕುಟಿಗನದೋ, ಬಲ್ಲವನ ಕೈ. ಆದರೆ ಇಷ್ಟು ಚೆಂದದ ಕೆರೆಯ ಕೆಳಗೆ ಗೇಣಗಲ ಗದ್ದೆಯಿಲ್ಲ. ಬೇಸಿಗೆ ಬಂತೆಂದರೆ ಕೆರೆಯಂಗಳವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆಗ ಸುತ್ತಲ ಹಟ್ಟಿಗಳವರು ಕುರಿಮಂದೆಗಳನ್ನು ಹೊಡೆದುತಂದು ಆ ಮಣ್ಣನ್ನು ನೆಕ್ಕಿಸಿ ಹೊರಟುಹೋಗುತ್ತಾರೆ. ಇದೊಂದೇ ಈಗ ಆ ಕೆರೆಯಿಂದಾಗುವ ಉಪಯೋಗ. ಏರಿಯ ಹಿಂದೆ, ಜಾಲಿಯ ಮೆಳೆಗಳ ನಡುವೆ, ಸಾಲುಸಾಲಾಗಿ ಮನೆಗಳ ತಳಪಾಯದ ಕಲ್ಲುಗಳು, ಅಂಗಡಿಬೀದಿಯ ಜಗಲಿಗಳು, ಕೋಟೆಯ ಬತೇರಿಯ ಒಂದು ಮಗ್ಗುಲು ಉಳಿದುಕೊಂಡಿವೆ. ಅದನ್ನು ಹಾಳುಪೇಟೆ ಎನ್ನುತ್ತಾರೆ.

ಸರಕಾರದ ನಕಾಶೆಯಲ್ಲಿ ಈ ಕೆರೆಗೆ ಉಪ್ಪುಗೆರೆ ಎಂದಷ್ಟೇ ಬರೆದಿದೆ. ಹಿಂದೊಮ್ಮೆ ಅಳತೆಗೆ ಬಂದಿದ್ದ ಅಧಿಕಾರಿಯೊಬ್ಬರು ಇಲ್ಲಿಯದು ಹುಟ್ಟಾ ಸವುಳು ಮಣ್ಣು, ಹೆಸರು ಅದರಿಂದಲೇ ಬಂದದ್ದು ಎಂದು ಹೇಳಿಹೋದರಂತೆ. ಇರಬಹುದು, ಮಣ್ಣಿನ ವಿದ್ಯೆ ನನಗೆ ತಿಳಿಯದು. ಆದರೆ ಕುರಿಹಟ್ಟಿಯ ಹಿರಿಯರು ಯಾರೂ ಅದನ್ನು ಬರಿಯ ಉಪ್ಪುಗೆರೆ ಎನ್ನುವುದಿಲ್ಲ. ಸಂಕಣ್ಣನ ಉಪ್ಪುಗೆರೆ ಎಂದೇ ಎನ್ನುತ್ತಾರೆ. ಮಣ್ಣು ಹುಟ್ಟಾ ಸವುಳಾಗಿದ್ದರೆ ಅದಕ್ಕೊಬ್ಬ ಮನುಷ್ಯನ ಹೆಸರು ಏಕೆ ಅಂಟಿಕೊಳ್ಳಬೇಕು? ನಮ್ಮ ಅಜ್ಜನವರು ಅವರ ಹಿರಿಯರಿಂದ ಕೇಳಿ ನನಗೆ ಹೇಳಿದ್ದನ್ನು, ಹಟ್ಟಿಯವರು ಹೇಳುವುದರೊಡನೆ ಹೊಂದಿಸಿ ಇಲ್ಲಿ ಬರೆಯುತ್ತೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಹಾಳುಪೇಟೆಯೇ ಮಣಿಗಾರಪೇಟೆ ಎಂಬ ತುಂಬಿದ ಊರಾಗಿತ್ತು. ಪಡುವಲ ಕಡಲಿಂದ ಘಟ್ಟ ಹತ್ತಿ ಮೂಡಲ ಸೀಮೆಗೆ ಹೋಗುವ ಹೇರೆತ್ತಿನ ದಾರಿ ಊರ ನಡುವೆಯೇ ಹಾಯುತ್ತಿತ್ತು. ದಾರಿ ಅಲ್ಲಿಯೇ ಹಾಯಲು ಕಾರಣ ಈ ಕೆರೆ. ಬೆಂಗಾಡಿನ ಆ ಸೀಮೆಯಲ್ಲಿ ಒಂದು ದಿನದ ನಡಿಗೆಯ ಆಚೆಗೂ ಈಚೆಗೂ ನಡುಬೇಸಿಗೆಯಲ್ಲಿ ನೀರು ನಿಲ್ಲುವ ಕೆರೆ ಮತ್ತೊಂದಿರಲಿಲ್ಲ. ನೀರು ಎಂಥದೆಂದರೆ, ಹಳೆಯ ತೊಗರಿಬೇಳೆಯೂ ಒಂದೇ ಕುದಿಗೆ ಬೆಣ್ಣೆಯಂತೆ ಬೇಯುತ್ತಿತ್ತಂತೆ. ಏರಿಯ ಕೆಳಗೆ ಎಲೆಬಳ್ಳಿಯ ತೋಟಗಳಿದ್ದವು. ಊರೊಳಗೆ ನೇಕಾರರ ಕೇರಿ, ಬಣ್ಣಗಾರರ ಕೇರಿ, ಗಾಣಿಗರ ಕೇರಿ ಇದ್ದವು. ಊರಿಗೂ ಸುತ್ತಲ ಹಳ್ಳಿಗಳಿಗೂ ಹುಲಿಯಪ್ಪ ನಾಯಕನೆಂಬವನು ದೊರೆ. ದೊರೆಯೆಂದರೂ ದೊಡ್ಡವನಲ್ಲ, ದೊಡ್ಡವರಿಬ್ಬರ ನಡುವೆ ಸಿಕ್ಕು, ಬಡಗಲವರು ಬಲವಾದಾಗ ಅವರಿಗೂ ತೆಂಕಲವರು ಬಲವಾದಾಗ ಇವರಿಗೂ ಕಾಣಿಕೆ ಕಳಿಸಿ ತಲೆ ಉಳಿಸಿಕೊಂಡಿದ್ದವನು.

ಈ ಊರಿನಲ್ಲಿ ಸಂಕಣ್ಣ ಶೆಟ್ಟಿ ಎಂಬ ಉಪ್ಪಿನ ವರ್ತಕನಿದ್ದ. ತಂದೆ ಹೇರೆತ್ತುಗಳೊಡನೆ ಘಟ್ಟದಲ್ಲಿ ನಡೆದೇ ಸವೆದು, ಅಲ್ಲಿಯೇ ಚಳಿಜ್ವರ ಬಂದು ಸತ್ತವನು. ಮಗ ಅದೇ ಎತ್ತುಗಳ ಮೂಗುದಾರ ಹಿಡಿದು ಮೇಲೆ ಬಂದ. ಅವನ ಏಳಿಗೆಗೆ ಕಾರಣ ಬಲವಾಗಲಿ ಬಂಡವಾಳವಾಗಲಿ ಅಲ್ಲ, ಸುದ್ದಿ. ಘಟ್ಟದ ಮೇಲಿನ ಕಟ್ಟೆಗಳಲ್ಲಿ ಯಾರು ಏನು ಮಾತಾಡಿಕೊಂಡರು, ಯಾವ ದೊರೆಯ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದಾರೆ, ಯಾವ ಹೊಳೆಯ ಹರಿಗೋಲನ್ನು ದಡಕ್ಕೆ ಎಳೆದಿಟ್ಟಿದ್ದಾರೆ ಎಂಬುದೆಲ್ಲ ಅವನಿಗೆ ಬೇಕು. ಉಳಿದ ವರ್ತಕರು ಸುದ್ದಿ ನಿಜವೋ ಸುಳ್ಳೋ ಎಂದು ಕಾಯುತ್ತಿರುವಾಗ ಅವನು ಎತ್ತುಗಳ ಮೇಲೆ ಹೇರು ಹೊರಿಸಿ ಹೊರಟಾಗಿರುತ್ತಿತ್ತು. ಒಂದು ವರ್ಷ ಘಟ್ಟದಲ್ಲಿ ಕಾಳಗವಾಗುವ ಸುಳಿವು ಹಿಡಿದು, ಎಲ್ಲರೂ ನಗುತ್ತಿರುವಾಗ, ತನ್ನ ಕೊಟ್ಟಿಗೆಗಳೆಲ್ಲ ಸಾಲದೆ ಮಠದ ಪಡಸಾಲೆಯನ್ನೂ ಬೇಡಿ ಪಡೆದು ಉಪ್ಪು ತುಂಬಿಸಿದ. ಮುಂದೆ ಘಟ್ಟದ ದಾರಿ ಮುಚ್ಚಿತು. ಸುತ್ತಲ ಸೀಮೆಯಲ್ಲಿ ಜನ ಉಪ್ಪಿಲ್ಲದ ಅಂಬಲಿ ಕುಡಿದರು. ಮಣಿಗಾರಪೇಟೆಯಲ್ಲಿ ಮಾತ್ರ ಹಿಂದಿನ ಬೆಲೆಗೇ ಹಿಂದಿನ ಅಳತೆಗೇ ಉಪ್ಪು ಸಿಕ್ಕಿತು. ದಾರಿ ತೆರೆದ ಮೇಲೂ ಅವನು ಕೊಟ್ಟಿಗೆಗಳನ್ನು ಬರಿದಾಗಲು ಬಿಡಲಿಲ್ಲ. ಅಂದಿನಿಂದ ಊರಿನಲ್ಲಿ ಒಂದು ಮಾತೇ ಆಯಿತು: ಮೋಡಕ್ಕಿಂತ ಮೊದಲು ಶೆಟ್ಟರಿಗೆ ಮಳೆ ತಿಳಿಯುತ್ತದೆ. ಈ ಮಾತು ಅವನ ಕಿವಿಗೂ ಬಿದ್ದಿರಬೇಕು. ಇಂಥ ಮಾತು ಕಿವಿಗೆ ಬಿದ್ದವನು ಮೊದಲಿನಂತೆ ಇರುವುದು ಕಷ್ಟ ಎಂದು ನಮ್ಮ ಅಜ್ಜನವರು ಹೇಳುತ್ತಿದ್ದರು.

ಅವನ ಹೆಂಡತಿ ಮುರಿಗೆವ್ವ. ಮಕ್ಕಳಿರಲಿಲ್ಲ. ತಮ್ಮ ಬಾಳಪ್ಪ ಎತ್ತುಗಳೊಡನೆ ದಾರಿಯಲ್ಲಿರುವವನು, ಅಣ್ಣ ಅಂಗಡಿಯಲ್ಲಿರುವವನು. ಅಣ್ಣತಮ್ಮಂದಿರಲ್ಲಿ ಎರಡು ಮಾತಿರಲಿಲ್ಲ. ಹೀಗಿರಲು ಹುಲಿಯಪ್ಪ ನಾಯಕ ಬಡಗಲವರಿಗೆ ಕಾಣಿಕೆ ಹೊರಿಸಲು ಪೇಟೆಯ ಹೇರೆತ್ತುಗಳನ್ನೆಲ್ಲ ಬಿಟ್ಟಿಗೆ ಹಿಡಿಸತೊಡಗಿದ. ಹೋದ ಎತ್ತುಗಳು ತಿರುಗಿ ಬರುತ್ತಿರಲಿಲ್ಲ. ಬಂದವು ಬೆನ್ನುಹುಣ್ಣಾಗಿ ಬರುತ್ತಿದ್ದವು. ಪೇಟೆಯವರು ಸೇರಿ ಸಂಕಣ್ಣನನ್ನು ಮುಂದೆ ಮಾಡಿಕೊಂಡು ಚಾವಡಿಗೆ ಹೋದರು. ಅಲ್ಲಿ ಅವನು ದೊರೆಯನ್ನು ಬೈಯಲೂ ಇಲ್ಲ, ಬೇಡಲೂ ಇಲ್ಲ. ಎತ್ತು ಸತ್ತರೆ ದಾರಿ ಸಾಯುತ್ತದೆ, ದಾರಿ ಸತ್ತರೆ ಸುಂಕ ಸಾಯುತ್ತದೆ, ಸುಂಕ ಸತ್ತ ಮೇಲೆ ದೊರೆ ಯಾವುದರಿಂದ ಕಾಣಿಕೆ ಕೊಟ್ಟಾನು ಎಂದು ಅಂಗಡಿಯ ವ್ಯವಹಾರದಂತೆ ಬಿಡಿಸಿ ಹೇಳಿದ. ನಾಯಕ, ಇಷ್ಟು ಬಲ್ಲವನು ಅಂಗಡಿಯಲ್ಲಿ ಕೂತರೆ ನನಗೇನು ಬಂತು, ನೀನೇ ನನ್ನ ಪ್ರಧಾನಿಯಾಗು ಎಂದ. ಅದು ಮೆಚ್ಚುಗೆಯೋ, ಪೇಟೆಯ ಬಾಯಿಯನ್ನು ಹೀಗೆ ಕಟ್ಟಿದನೋ, ಬಲ್ಲವರಿಲ್ಲ. ಸಂಕಣ್ಣ ಒಪ್ಪಿಕೊಂಡು ಮನೆಗೆ ಬಂದ. ಪೇಟೆಯವರು ಬಾಗಿಲಿಗೆ ತೋರಣ ಕಟ್ಟಿದ್ದರು. ಮುರಿಗೆವ್ವ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. ಊಟಕ್ಕೆ ಕೂತಾಗ ಹೇಳಿದಳು:

"ಅಂಗಡಿಯಾಗ ಕುಂತೋರ ತಪ್ಪು ಅವರ ಮನೀಗೆ. ಚಾವಡಿಯಾಗ ಕುಂತೋರ ತಪ್ಪು ಊರಿಗೆ. ನೀವು ವಿಚಾರ ಮಾಡ್ರಿ."

ತಪ್ಪು ಮಾಡಬಾರದೆಂದೇ ಹೋಗುತ್ತಿದ್ದೇನೆ ಎಂದು ಅವನು ಉತ್ತರ ಕೊಟ್ಟನಂತೆ. ಆ ಮಾತಿನಂತೆಯೇ ಕೆಲವು ವರ್ಷ ನಡೆಯಿತು. ಬಿಟ್ಟಿ ನಿಂತಿತು. ಕೆರೆಯ ಏರಿಗೆ ಈಗ ಕಾಣುವ ಕಲ್ಲುಕಟ್ಟಡ ಅವನ ಕಾಲದ್ದೇ. ಕೋಡಿಯನ್ನು ಎತ್ತರಿಸಿ ಕೆರೆಗೆ ಇನ್ನಷ್ಟು ನೀರು ನಿಲ್ಲುವಂತೆ ಮಾಡಿಸಿದವನೂ ಅವನೇ. ದೊರೆಯ ಸಿಟ್ಟು ಜನರ ಮೇಲೆ ಬೀಳದಂತೆ, ಜನರ ಸಿಟ್ಟು ದೊರೆಯನ್ನು ತಲುಪದಂತೆ ನಡುವೆ ನಿಂತು ನಡೆಸಿದ. ಜನ ಅವನನ್ನು ಶೆಟ್ಟರೆನ್ನುವುದನ್ನು ಬಿಟ್ಟು ಧಣಿ ಎನ್ನತೊಡಗಿದರು.

ಆಮೇಲೆ ಬಡಗಲವರಿಗೂ ತೆಂಕಲವರಿಗೂ ದೊಡ್ಡ ಯುದ್ಧ ಹತ್ತಿತು. ಬೇಸಿಗೆ ಬಲಿಯುವ ಹೊತ್ತಿಗೆ ಬಡಗಣ ದಂಡು ಹೊಳೆ ದಾಟಿತೆಂಬ ಸುದ್ದಿ ಬಂತು. ಆ ದಂಡು ಹೋದಲ್ಲೆಲ್ಲ ಮಿಡತೆಯ ಹಿಂಡು ಬಿದ್ದಂತೆ. ಕುದುರೆ ಆನೆಗಳು ಕೆರೆಗಳನ್ನು ಕುಡಿದು ಕೆಸರು ಮಾಡುತ್ತಿದ್ದವು, ಕಾಲಾಳುಗಳು ಕಣಜಗಳನ್ನು ಬಗೆಯುತ್ತಿದ್ದರು. ಎರಡು ದಿನದ ದಾರಿಯಲ್ಲಿದ್ದ ಅರಳಿಹಾಳವೆಂಬ ಊರನ್ನು ಸುಟ್ಟರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಹೆಂಗಸರು ಮಣಿಗಾರಪೇಟೆಯ ಬೀದಿಯಲ್ಲಿ ಕೂತು ಸುಮ್ಮನೆ ತಲೆ ತೂಗುತ್ತಿದ್ದರಂತೆ. ಅದನ್ನು ಕಂಡ ಊರು ನಡುಗಿತು. ಮರುದಿನ ಬೆಳಗ್ಗೆ ನೋಡಿದರೆ ಅರಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹುಲಿಯಪ್ಪ ನಾಯಕ ರಾಣಿವಾಸವನ್ನೂ ಒಡವೆಯನ್ನೂ ಕಟ್ಟಿಕೊಂಡು ದೂರದ ದುರ್ಗಕ್ಕೆ ಜಾರಿಹೋಗಿದ್ದ. ಜನ ಚಾವಡಿಯ ಮುಂದೆ ನೆರೆದು, ದೊರೆಯ ಮುದ್ರೆಯುಂಗುರವನ್ನು ಪೆಟ್ಟಿಗೆಯಿಂದ ತೆಗೆಸಿ ಸಂಕಣ್ಣನ ಕೈಗೆ ಕೊಟ್ಟರು. ನಿಮ್ಮ ಉಪ್ಪು ತಿಂದವರು ನಾವು, ನೀವು ಹೇಳಿದಂತೆ ನಡೆಯುತ್ತೇವೆ, ನಮ್ಮನ್ನು ಉಳಿಸಿರಿ ಎಂದರು. ಹೀಗೆ ಒಬ್ಬ ಉಪ್ಪಿನ ವರ್ತಕ ಆ ಸೀಮೆಗೆ ಒಡೆಯನಾದ. ಕಾದಾಡಲು ಊರಿನಲ್ಲಿ ಕತ್ತಿ ಹಿಡಿಯಬಲ್ಲವರು ಬೆರಳೆಣಿಕೆಯಷ್ಟು. ಬತೇರಿಯ ಮೇಲಿದ್ದ ಒಂದೇ ಫಿರಂಗಿ ತುಕ್ಕುಹಿಡಿದಿತ್ತು.

ಸಂಕಣ್ಣ ಯೋಚಿಸಿದ್ದು ವರ್ತಕನಂತೆಯೇ. ದಂಡು ಈ ದಾರಿಗೆ ಏಕೆ ಬರುತ್ತದೆ? ಹೇರೆತ್ತಿನವರು ಏಕೆ ಬರುತ್ತಾರೋ ಅದಕ್ಕೇ, ನೀರಿಗೆ. ನೀರಿಲ್ಲವೆಂದು ಬೇಹಿನವರಿಂದ ತಿಳಿದರೆ ಅಷ್ಟು ಕುದುರೆಗಳನ್ನು ಕಟ್ಟಿಕೊಂಡು ಯಾವ ದಳವಾಯಿಯೂ ಈ ಬೆಂಗಾಡಿಗೆ ಕಾಲಿಡಲಾರ, ಸುತ್ತಾದರೂ ಹೊಳೆಯ ದಂಡೆಯನ್ನೇ ಹಿಡಿಯುತ್ತಾನೆ. ಏರಿಯನ್ನು ಕಡಿದು ನೀರನ್ನು ಹೊರಬಿಟ್ಟರೆ ಅದನ್ನು ತಿರುಗಿ ಕಟ್ಟಲು ವರ್ಷಗಳು ಬೇಕು. ಆದರೆ ಕೊಟ್ಟಿಗೆಗಳ ತುಂಬ ಉಪ್ಪಿದೆ. ಬೇಸಿಗೆಯ ಕೆರೆಯಲ್ಲಿ ಈಗ ಉಳಿದಿರುವುದು ನಡುವಿನ ಮಡುವಿನಷ್ಟು ನೀರು. ಉಪ್ಪನ್ನು ಅದರಲ್ಲಿ ಸುರಿದರೆ ಕುದುರೆ ಮೂತಿಯಿಡುವುದಿಲ್ಲ. ಊರಿನವರು ಮೊದಲೇ ಮನೆಮನೆಯ ಗುಡಾಣಗಳಲ್ಲಿ ನೀರು ತುಂಬಿಟ್ಟುಕೊಳ್ಳಲಿ, ಕೋಟೆಯೊಳಗಿನ ಬಾವಿಯೂ ಇದೆ, ಮಳೆಗಾಲದವರೆಗೆ ಹೇಗೋ ನಡೆಯುತ್ತದೆ. ಮಳೆ ಬಂದು ಕೆರೆ ತುಂಬಿ ಕೋಡಿ ಬಿದ್ದರೆ ಉಪ್ಪೆಲ್ಲ ತೊಳೆದುಹೋಗುತ್ತದೆ. ಕೇಳಿದರೆ ತಪ್ಪು ಹುಡುಕುವುದು ಕಷ್ಟ. ಚಾವಡಿಯಲ್ಲಿ ಇದನ್ನು ಹೇಳಿದಾಗ ಹಿರಿಯರು ಕೆಲವರು ಬೆಚ್ಚಿದರು. ಉಣ್ಣುವ ತಟ್ಟೆಗೆ ಮಣ್ಣು ಹಾಕಿಕೊಂಡಂತಾಯಿತಲ್ಲ ಎಂದರು. ಆದರೆ ಅರಳಿಹಾಳದ ಹೆಂಗಸರು ಹೊರಗೆ ಜಗಲಿಯ ಮೇಲೆಯೇ ಕೂತಿದ್ದರು. ಅವರ ಮುಂದೆ ಬೇರೆ ಉಪಾಯ ಹೇಳುವ ಬಾಯಿ ಯಾರಿಗೂ ಬರಲಿಲ್ಲ.

ಆ ದಿನ ಬಾಳಪ್ಪ ದಾರಿಯಿಂದ ಬಂದಿದ್ದ. ಅಣ್ಣನ ಯೋಚನೆ ಕೇಳಿ, ದಂಡು ಎತ್ತ ಹೊರಟಿದೆ ಎಂಬುದನ್ನು ತಾನೇ ಕಣ್ಣಾರೆ ನೋಡಿಬರುತ್ತೇನೆ, ಅಲ್ಲಿಯವರೆಗೆ ಉಪ್ಪಿನ ಮೂಟೆಗೆ ಕೈ ಹಚ್ಚಬೇಡ ಎಂದ. ನೀನು ಬರುವವರೆಗೆ ಕಾಯುತ್ತೇನೆ ಎಂದು ಸಂಕಣ್ಣ ಮಾತು ಕೊಟ್ಟ. ಬಾಳಪ್ಪ ಒಬ್ಬನೇ ಕುದುರೆಯೇರಿ ಬಡಗಲಿಗೆ ಹೋದ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಬಾಳಪ್ಪ ಬರಲಿಲ್ಲ. ದಂಡಿನವರು ಹಿಡಿದಿರಬೇಕು ಎಂದು ಜನ ಆಡಿಕೊಂಡರು. ಮೂರನೆಯ ದಿನ ಬೆಳಗ್ಗೆ ಎಣ್ಣೆ ಹೇರಿಕೊಂಡು ಬಂದ ಗಾಣಿಗನೊಬ್ಬ, ಬಡಗಲ ಬಯಲಿನಲ್ಲಿ ಆಕಾಶದೆತ್ತರ ಧೂಳೆದ್ದುದನ್ನು ಕಂಡೆ ಎಂದ. ಇಷ್ಟೇ ಸುದ್ದಿ. ಎತ್ತ ಹೋಗುವ ಧೂಳು ಎಂದು ಅವನನ್ನು ಯಾರೂ ಕೇಳಲಿಲ್ಲ ಎನ್ನುತ್ತಾರೆ. ಸಂಕಣ್ಣ ಕೇಳದೆ ಇದ್ದದ್ದು ಹೇಗೆ ಎಂಬುದೇ ನನಗೆ ಇಂದಿಗೂ ಅರ್ಥವಾಗದ ಸಂಗತಿ. ಸುದ್ದಿಯಿಂದಲೇ ಬಾಳಿದವನು ಅವನು. ಆದರೆ ಅವನು ಬಾಳಿದ್ದು ಸುದ್ದಿಯನ್ನು ಒರೆಗೆ ಹಚ್ಚಿ ಅಲ್ಲ, ಉಳಿದವರಿಗಿಂತ ಮೊದಲು ಎದ್ದು. ಅವನು ಎದ್ದು ಮನೆಗೆ ಬಂದು ಕೊಟ್ಟಿಗೆಯ ಬೀಗದ ಕೈ ತೆಗೆದುಕೊಂಡಾಗ ಮುರಿಗೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಬಾಳಪ್ಪಗ ಕಾಯ್ತೀನಿ ಅಂದೀರಿ," ಎಂದಳು.

"ಅವನು ಬರೋದ್ರೊಳಗ ದಂಡು ಬಂದ್ರ? ನನ್ನ ನಂಬಿ ಕುಂತೈತಿ ಊರು."

"ಮಳಿ ಆಗದಿದ್ರ?"

"ಮಳಿ ಎಂದಾದ್ರೂ ಆಗದ ಇದ್ದೈತೇನು? ಬಂದೇ ಬರ್ತೈತಿ," ಎಂದ ಅವನು. ಅವಳು ಸರಿದು ನಿಂತಳು.

ಆ ಬೆಳಗ್ಗೆ ಮನೆಮನೆಯವರೂ ಗುಡಾಣ, ಹಂಡೆ, ಬಾನಿ, ದನಗಳ ಕಲ್ಲುತೊಟ್ಟಿಗಳನ್ನೂ ಬಿಡದೆ ನೀರು ತುಂಬಿದರು. ಆಮೇಲೆ ಕೊಟ್ಟಿಗೆಗಳು ತೆರೆದವು. ಎತ್ತುಗಳು ಹೊತ್ತಷ್ಟು ಹೊತ್ತವು. ಉಳಿದದ್ದನ್ನು ಜನ ಹೊತ್ತರು. ನೇಕಾರರು, ಬಣ್ಣಗಾರರು, ಎಲೆತೋಟದವರು, ಕೂಸನ್ನು ಬಗಲಿಗೆ ಕಟ್ಟಿಕೊಂಡ ಬಾಣಂತಿಯರು ಕೂಡ ಬುಟ್ಟಿ ಹಿಡಿದು ಸಾಲಾಗಿ ಕೆರೆಯಂಗಳಕ್ಕೆ ಇಳಿದರು. ಮೊದಲ ಬುಟ್ಟಿಯನ್ನು ಸಂಕಣ್ಣನೇ ಸುರಿದ. ಉಪ್ಪು ನೀರಿಗೆ ಬೀಳುವ ಸಪ್ಪಳ ಮಾತ್ರ ಹೊತ್ತು ಇಳಿಯುವವರೆಗೂ ಕೇಳಿತು. ಸಂಜೆಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮಗುಚಿಕೊಂಡವು. ಎಮ್ಮೆಯೊಂದು ರೂಢಿಯಂತೆ ಇಳಿದು, ಮೂತಿಯಿಟ್ಟು, ತಲೆ ಕೊಡವಿ ಮೇಲೇರಿತು. ಅದನ್ನು ಕಂಡ ಯಾರೋ ಮುದುಕಿ ಏರಿಯ ಮೇಲೆ ಕೂತು, ಸತ್ತ ಮನೆಯಲ್ಲಿ ಅಳುವಂತೆ ಅತ್ತಳಂತೆ. ಸಂಕಣ್ಣ ಕೈಯಲ್ಲಿ ನೀರು ಮೊಗೆದು ಬಾಯಿಗೆ ಹಾಕಿಕೊಂಡು ಉಗುಳಿ, ಆಯಿತು, ಇನ್ನು ಊರು ಉಳಿಯಿತು ಎಂದ.

ಮರುದಿನ ನಡುಹಗಲಿಗೆ ಬಾಳಪ್ಪ ಬಂದ. ಕುದುರೆಯ ಬಾಯಲ್ಲಿ ನೊರೆ ಬಂದಿತ್ತು, ಅದನ್ನು ನೇರ ಕೆರೆಗೇ ಇಳಿಸಿದನಂತೆ. ಅದು ಕುಡಿಯದೆ ಹಿಂದೆ ಸರಿದಾಗ ಅವನಿಗೆ ಎಲ್ಲವೂ ತಿಳಿದಿರಬೇಕು. ಅವನು ತಂದ ಸುದ್ದಿ ಇದು: ಬಡಗಲವರ ಒಡೆಯ ತನ್ನ ಊರಿನಲ್ಲಿ ಸತ್ತಿದ್ದ. ಪಟ್ಟಕ್ಕೆ ಜಗಳ ಹತ್ತಿ, ದಂಡು ಅರಳಿಹಾಳದಿಂದಲೇ ಹಿಂದಿರುಗಿತ್ತು. ಗಾಣಿಗ ಕಂಡದ್ದು ಹಿಂದಿರುಗುವ ದಂಡಿನ ಧೂಳು. ಅದು ಹೊಳೆ ದಾಟುವುದನ್ನು ಕಣ್ಣಾರೆ ನೋಡಿಯೇ ಹೋಗೋಣವೆಂದು ಬಾಳಪ್ಪ ಒಂದು ದಿನ ತಡೆದಿದ್ದ. ಅಣ್ಣನಿಗೆ ಪಕ್ಕಾ ಸುದ್ದಿ ಒಯ್ಯಬೇಕೆಂಬ ಆಸೆ. ಚಾವಡಿಯ ಮೆಟ್ಟಿಲ ಬಳಿ ಅಣ್ಣನೆದುರು ನಿಂತು ಅವನು ಇಷ್ಟನ್ನೂ ಹೇಳಿ ಮುಗಿಸಿದ. ಕೊನೆಗೆ, "ಅಣ್ಣಾ, ಕಾಯ್ತೀನಿ ಅಂದಿದ್ದಿ," ಎಂದ. ಆ ಅಣ್ಣತಮ್ಮಂದಿರು ಮುಂದೆ ಒಬ್ಬರೊಡನೊಬ್ಬರು ಮಾತಾಡಿದ್ದನ್ನು ಕೇಳಿದವರಿಲ್ಲ ಎನ್ನುತ್ತಾರೆ. ಬಾಳಪ್ಪ ಸ್ವಲ್ಪ ದಿನದಲ್ಲಿಯೇ ತನ್ನ ಪಾಲಿನ ಎತ್ತುಗಳನ್ನು ಹೊಡೆದುಕೊಂಡು ತೆಂಕಲಿಗೆ ಹೋದ. ಅಲ್ಲಿ ಹತ್ತಿ ಹೇರಿದ, ಜೋಳ ಹೇರಿದ. ಉಪ್ಪನ್ನು ಮಾತ್ರ ಹೇರಲಿಲ್ಲ.

ಆದರೂ ಮಳೆಯ ಮೇಲೆ ಊರು ಆಸೆಯಿಟ್ಟುಕೊಂಡಿತ್ತು. ಮಳೆ ಬಂತು. ಬರಲಿಲ್ಲವೆನ್ನುವಂತಿಲ್ಲ. ಹೊಲಕ್ಕೆ ಸಾಕಾಗುವಷ್ಟು ಬಂತು, ಕೆರೆಗೆ ಮುಕ್ಕಾಲು ಪಾಲು ನೀರು ಬಂತು. ಕೋಡಿ ಬೀಳಲಿಲ್ಲ. ಕೆರೆಗೆ ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಯನ್ನು ಎತ್ತರಿಸಿದವನು ಸಂಕಣ್ಣನೇ ಎಂಬುದನ್ನು ಹಿಂದೆ ಹೇಳಿದ್ದೇನೆ. ಈಗ ಅವನೇ ಆಳುಗಳನ್ನು ಕರೆದೊಯ್ದು ಕೋಡಿಯನ್ನು ಒಡೆಸಲು ನೋಡಿದ, ತಾನೇ ಕಟ್ಟಿಸಿದ ಕಲ್ಲು ಕದಲಲಿಲ್ಲ. ತೂಬನ್ನೂ ಎತ್ತಿಸಿದ. ತೂಬಿನಿಂದ ಹೊರಟ ನೀರು ಎಲೆತೋಟಗಳಿಗೆ ನುಗ್ಗಿತು. ಬಳ್ಳಿಗಳು ಬುಡದಿಂದ ಕಪ್ಪಾಗಿ ಒಣಗಿದವು. ನೀರು ಹೋಯಿತು, ಉಪ್ಪು ಕೆಸರಿನಲ್ಲಿ ಕೂತಿತು. ಮುಂದಿನ ಮಳೆಗೆ ಬಂದ ಹೊಸ ನೀರೂ ಆ ಕೆಸರನ್ನು ಮುಟ್ಟಿ ಉಪ್ಪಾಯಿತು. ಬೇಸಿಗೆಯಲ್ಲಿ ಅವನು ತನ್ನಲ್ಲಿದ್ದದ್ದನ್ನೆಲ್ಲ ಸುರಿದು ಕೆರೆಯಂಗಳದ ಮಣ್ಣನ್ನು ಕೆರೆಸಿ ಏರಿಯಾಚೆ ಗುಡ್ಡೆ ಹಾಕಿಸಿದ. ಗಾಳಿ ಅದನ್ನು ಹೊಲಗಳ ಮೇಲೆ ತೂರಿತು, ಮೊದಲ ಮಳೆ ಉಳಿದದ್ದನ್ನು ಬಾವಿಗಳಿಗೆ ಇಳಿಸಿತು. ಕೋಟೆಯ ಬಾವಿಯ ನೀರೂ ಸವುಳಾಯಿತು. ಅವನು ಸರಿಪಡಿಸಲು ಹೊರಟ ಒಂದೊಂದು ಕೆಲಸವೂ ಕೇಡನ್ನು ಇನ್ನಷ್ಟು ದೂರ ಹಬ್ಬಿಸಿತು.

ಮೊದಲು ಬಿಟ್ಟವರು ಹೇರೆತ್ತಿನವರು. ನೀರಿಲ್ಲದ ಊರಿನಲ್ಲಿ ಅವರಿಗೇನು ಕೆಲಸ? ಒಂದು ವರ್ಷ ಬಂದು ನೋಡಿದರು, ಮರುವರ್ಷ ಹೊಳೆಯ ದಂಡೆಯ ದಾರಿ ಹಿಡಿದರು. ಆಮೇಲೆ ಬಣ್ಣಗಾರರು ಹೋದರು. ಉಪ್ಪುನೀರಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಬಣ್ಣಗಾರರಿಲ್ಲದೆ ನೇಕಾರರು ಹೋದರು, ತೋಟದವರು ಹೋದರು. ಹುಲಿಯಪ್ಪ ನಾಯಕ ದುರ್ಗದಿಂದ ತಿರುಗಿ ಬಂದು, ಏರಿಯ ಮೇಲೆ ನಿಂತು ನೋಡಿ, ಸಂಕಣ್ಣನನ್ನು ಬೈಯಲೂ ಇಲ್ಲ, ಸೆರೆಗೆ ಹಾಕಿಸಲೂ ಇಲ್ಲ. ಮುದ್ರೆಯುಂಗುರವನ್ನು ಕೇಳಿ ಪಡೆದು, ಹೊಳೆಯ ದಂಡೆಯಲ್ಲಿ ಹೊಸ ಪೇಟೆ ಕಟ್ಟಿಸಲು ಹೊರಟುಹೋದ. ಓಡಿಹೋದ ದೊರೆಗೆ ಹೊಸ ಊರು ಸಿಕ್ಕಿತು. ಊರು ಕಾಯಲು ನಿಂತವನಿಗೆ ಹಳೆಯದೂ ಉಳಿಯಲಿಲ್ಲ.

ಕಡೆಯ ಮನೆಗಳವರು ಗಂಟುಮೂಟೆ ಕಟ್ಟಿ ಬಂಡಿ ಹೂಡಿದ ದಿನ ಸಂಕಣ್ಣ ಚಾವಡಿಯ ಮುಂದೆ ಬಂದು, ತಲೆಯ ರುಮಾಲನ್ನು ತೆಗೆದು ನೆಲದ ಮೇಲಿಟ್ಟು, ಬೀದಿಯ ನಡುವೆ ಕೂತ. ನೀವೆಲ್ಲ ಸೇರಿ ನನಗೊಂದು ಶಿಕ್ಷೆ ಹೇಳಿ ಹೋಗಿರಿ, ಯಾವುದಾದರೂ ಸರಿ, ಸುಮ್ಮನೆ ಹೋಗಬೇಡಿರಿ ಎಂದು ಬೇಡಿಕೊಂಡ. ಬಂಡಿಗಳು ನಿಂತವು. ಕಡೆಗೆ ನೇಕಾರರ ಕೇರಿಯ ಹಿರಿಯ ದೇವಾಂಗದ ಸಿಂಗಪ್ಪನೆಂಬವನು ಬಂಡಿಯಿಂದ ಇಳಿದು ಬಂದ.

"ಏನಂತ ಶಿಕ್ಷೆ ಹೇಳಾಣ ಶೆಟ್ರೇ? ಬುಟ್ಟಿ ನಾವೂ ಹೊತ್ತೀವಿ," ಎಂದ.

ಇಷ್ಟು ಹೇಳಿ, ರುಮಾಲನ್ನು ಎತ್ತಿ ಧೂಳು ಕೊಡವಿ ಸಂಕಣ್ಣನ ತೊಡೆಯ ಮೇಲಿಟ್ಟು ಹೋದ. ಬಂಡಿಗಳು ಅವನನ್ನು ಬಳಸಿಕೊಂಡು ಮುಂದೆ ಸಾಗಿದವು. ಯಾರಾದರೂ ಒಬ್ಬರು ಕಲ್ಲೆಸೆದಿದ್ದರೂ ಅವನ ಜೀವಕ್ಕೆ ಹಗುರಾಗುತ್ತಿತ್ತೇನೋ. ಅದೂ ಅವನಿಗೆ ಸಿಗಲಿಲ್ಲ. ಹೊತ್ತು ಮುಳುಗುವ ಮುಂಚೆ ಮುರಿಗೆವ್ವ ಬಂದು ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದಳು.

ಆ ಊರಿನಲ್ಲಿ ಇನ್ನು ಉಳಿದವರು ಅವರಿಬ್ಬರೇ. ಬಾಳಪ್ಪ ಕರೆಕಳಿಸಿದ್ದ, ಸಂಕಣ್ಣ ಹೋಗಲಿಲ್ಲ. ನೀನಾದರೂ ಹೋಗು ಎಂದು ಅವನು ಹೆಂಡತಿಗೆ ಹೇಳಿದರೆ, ಬಾಗಿಲ ಬಿಟ್ಟು ಸರಿದು ನಿಂತವಳು ನಾನು, ನಾನು ಎಲ್ಲಿಗೆ ಹೋಗಲಿ ಎಂದಳಂತೆ. ಕರಿಗುಡ್ಡದ ಹಿಂಬದಿಯ ಕೊರಕಲಿನಲ್ಲಿ ಒಂದು ಸಣ್ಣ ಒರತೆಯಿತ್ತು, ಈಗಲೂ ಮಳೆಗಾಲದಲ್ಲಿ ಜಿನುಗುತ್ತದೆ. ಅಲ್ಲಿಂದ ಸಂಕಣ್ಣ ಕಾವಡಿಯಲ್ಲಿ ನೀರು ಹೊತ್ತು ತರುತ್ತಿದ್ದ. ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದದ್ದನ್ನು ಹಳೆಯ ಹೇರೆತ್ತಿನ ದಾರಿಯಲ್ಲಿ ಹುಣಸೆಮರದ ಕೆಳಗೆ ಒಂದು ಅರವಟ್ಟಿಗೆ ಮಾಡಿ ಮಡಕೆಗಳಲ್ಲಿ ತುಂಬಿಡುತ್ತಿದ್ದ. ಬಾಯಾರಿ ಬಂದವರಿಗೆ ಒಂದು ಗುಟುಕು ಕೊಟ್ಟರೆ, ನೀರಿದೆಯೆಂಬ ಸುದ್ದಿ ಹರಡಿದರೆ, ದಾರಿ ಎಂದಾದರೂ ತಿರುಗೀತು ಎಂದುಕೊಂಡಿರಬೇಕು. ಯಾರೂ ಬರಲಿಲ್ಲ. ದಾರಿ ಎಂದೋ ಹೊಳೆಯ ದಂಡೆಗೆ ಹೋಗಿಬಿಟ್ಟಿತ್ತು. ಆ ಜಾಡಿನಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆಯಿತು. ಅವನು ದಿನವೂ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿ, ಮಡಕೆಯ ಪಕ್ಕ ಕೂತು, ದಾರಿ ನೋಡುತ್ತಿದ್ದ.

ಮುರಿಗೆವ್ವ ಮೊದಲು ಸತ್ತಳು. ಮಣ್ಣು ಮಾಡಲು ನಾಲ್ಕು ಹೆಗಲು ಸಿಗಲಿಲ್ಲ, ಹಿತ್ತಲಲ್ಲಿಯೇ ಒಬ್ಬನೇ ಕುಣಿ ತೋಡಿ ಇಟ್ಟ. ಅದಾದ ಮೇಲೂ ಕೆಲವು ಕಾಲ ಅವನು ಕಾವಡಿ ಹೊತ್ತನೆಂದು ಹೇಳುತ್ತಾರೆ. ಒಂದು ಬೇಸಿಗೆಯಲ್ಲಿ ಮೇವು ಹುಡುಕುತ್ತ ಬಂದ ಕುರಿಗಾಹಿಗಳು, ಇಂದಿನ ಕುರಿಹಟ್ಟಿಯವರ ಹಿರಿಯರು, ಹುಣಸೆಮರದ ಕೆಳಗೆ ಒಬ್ಬ ಮುದುಕ ಒರಗಿ ಕೂತದ್ದನ್ನು ಕಂಡರು. ಹತ್ತಿರ ಹೋಗಿ ನೋಡಿದರೆ ಜೀವವಿರಲಿಲ್ಲ. ಪಕ್ಕದಲ್ಲಿ ಮಡಕೆಗಳು ಕಂಠದ ತನಕ ತುಂಬಿದ್ದವು. ನೀರು ತಣ್ಣಗೆ, ತಿಳಿಯಾಗಿ ಇತ್ತು. ಅವರಿಗೂ ಬಾಯಾರಿಕೆಯಾಗಿತ್ತು. ಆದರೆ ಹೆಣದ ಬಳಿಯ ನೀರು, ಯಾವ ಜಾತಿಯವನೋ, ಯಾವ ರೋಗವೋ ಎಂದು ಅಂಜಿ, ಮಡಕೆಗಳನ್ನು ಮಗುಚಿ ನೀರನ್ನು ನೆಲಕ್ಕೆ ಚೆಲ್ಲಿ, ಆ ಹಸಿ ಮಣ್ಣಿನಲ್ಲಿಯೇ ಅವನನ್ನು ಹೂಳಿ ಮುಂದೆ ಹೋದರು. ಅವನು ಯಾರೆಂಬುದು ಅವರಿಗೆ ತಿಳಿದದ್ದು ಹೊಳೆಯ ದಂಡೆಯ ಹೊಸ ಪೇಟೆಗೆ ಉಣ್ಣೆ ಮಾರಲು ಹೋದಾಗ. ಅಲ್ಲಿ ಹಳೆಯ ಊರಿನ ಮಾತು ಬಂದಾಗಲೆಲ್ಲ ಹೆಂಗಸರು ಸಂಕಣ್ಣನ ಉಪ್ಪುಗೆರೆ ಎಂದೇ ಅನ್ನುತ್ತಿದ್ದರು. ಅದಕ್ಕೆ ಮೊದಲು ಆ ಕೆರೆಗೆ ಬೇರೆ ಹೆಸರೊಂದು ಇದ್ದೇ ಇರಬೇಕು, ಅಷ್ಟು ಜನರನ್ನು ಸಾಕಿದ ಕೆರೆ. ಏನು ಹೆಸರೆಂದು ನಾನು ಕೇಳದ ಮುದುಕರಿಲ್ಲ. ಯಾರಿಗೂ ನೆನಪಿಲ್ಲ.

ಈಗ ಹುಣಸೆಮರವೂ ಇಲ್ಲ, ಗೋರಿಯ ಗುರುತೂ ಇಲ್ಲ. ಮಡಕೆ ಕೂರಿಸುತ್ತಿದ್ದ ಕುಳಿಗಳಿರುವ ಒಂದು ಹಾಸುಬಂಡೆ ಮಾತ್ರ ಜಾಲಿಯ ಮೆಳೆಯಲ್ಲಿ ಬಿದ್ದಿದೆ. ಆದರೆ ಹೊರಗಿನಿಂದ ಬಂದವರು ಅದನ್ನು ನೋಡಲು ಬರುವುದಿಲ್ಲ. ಅವರು ಬರುವುದು ಮಳೆಗಾಲ ಕಳೆದ ಮೇಲೆ, ಕೆರೆಯನ್ನು ನೋಡಲು. ಆಗ ಗುಡ್ಡದಿಂದ ಗುಡ್ಡಕ್ಕೆ ನೀರು ನಿಂತಿರುತ್ತದೆ. ಜೊಂಡಿಲ್ಲ, ಪಾಚಿಯಿಲ್ಲ, ಒಂದು ಮೀನಿಲ್ಲ, ಆದ್ದರಿಂದ ತಳದ ಕಲ್ಲುಗಳನ್ನು ಎಣಿಸಬಹುದು, ಅಷ್ಟು ತಿಳಿ. ನಮ್ಮ ಸೀಮೆಯಲ್ಲಿಯೇ ಇಷ್ಟು ತಿಳಿನೀರು ಬೇರೆಲ್ಲೂ ಕಾಣದು. ಬಿಸಿಲಲ್ಲಿ ನಡೆದು ಬಂದವರು ಏರಿಯಿಂದ ಇಳಿದು, ಚಪ್ಪಲಿ ಬಿಟ್ಟು, ಬಗ್ಗಿ ಬೊಗಸೆಯಲ್ಲಿ ಮೊಗೆದುಕೊಳ್ಳುತ್ತಾರೆ. ಹಟ್ಟಿಯವರು ಮೇಲೆ ಕುರಿ ನಿಲ್ಲಿಸಿಕೊಂಡು ನೋಡುತ್ತಿರುತ್ತಾರೆ. ಕುಡಿಯಬೇಡಿರೆಂದು ಮೊದಮೊದಲು ಕೂಗಿ ಹೇಳುತ್ತಿದ್ದರಂತೆ. ಆ ನೀರನ್ನು ಕಂಡ ಮೇಲೆ ಅವರ ಮಾತನ್ನು ನಂಬಿದವರು ಯಾರೂ ಇಲ್ಲ.